ನೂರ ನಲವತ್ಮೂರನೆಯ ಪತ್ರ

ನೂರ ನಲವತ್ತೆರಡು ಪತ್ರಗಳು ಒಂದಕ್ಷರವೂ ಬದಲಾಗದೆ ಒಂದೇ ಆಗಿದ್ದವು. ಓದುಗರ ಪತ್ರಗಳ ಪುಟ ನೋಡಿಕೊಳ್ಳುವ ಉಪಸಂಪಾದಕ ಅವನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿದ. ಪೇಟೆ ಬೀದಿಗೆ ವಾಹನ ಬಿಡದೆ, ಅದನ್ನು ನಡೆದಾಡುವವರಿಗೆ ಮಾತ್ರ ಮೀಸಲಿಡುವ ನಗರಸಭೆಯ ಯೋಜನೆಯನ್ನು ವಿರೋಧಿಸಿ ವರ್ತಕರ ಸಂಘ ಅಚ್ಚು ಹಾಕಿಸಿ ಹಂಚಿದ್ದ ಕಾಗದ ಅದು. ಕೆಳಗೆ ಹೆಸರು, ಫೋನ್ ನಂಬರು, ಸಹಿಗೆ ಜಾಗ. ಇಂಥವನ್ನು ಪತ್ರಿಕೆ ಪ್ರಕಟಿಸುವುದಿಲ್ಲ. ‘ಇಷ್ಟು ಬಂದಿವೆ’ ಎಂದು ಒಂದು ಸಾಲು ಹಾಕಿ ಮುಗಿಸುತ್ತದೆ.

ನೂರ ನಲವತ್ಮೂರನೆಯದು ಮಾತ್ರ ಅವನ ಕೈಯಲ್ಲೇ ಉಳಿಯಿತು. ‘ನಮ್ಮ ಗಿರಾಕಿಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ವಾಹನಗಳಲ್ಲಿ ಬರುವವರು’ ಎಂಬ ಅಚ್ಚಿನ ಸಾಲನ್ನು ಯಾರೋ ಸ್ಕೇಲ್ ಇಟ್ಟು ಹೊಡೆದು ಹಾಕಿದ್ದರು. ಪಕ್ಕದ ಅಂಚಿನಲ್ಲಿ ನೀಲಿ ಪೆನ್ನಿನ ಬರಹ: ‘ಇದು ನನಗೆ ಗೊತ್ತಿಲ್ಲದ ಮಾತು. ಮೂರು ದಿನ ನನ್ನ ಹತ್ತಿರ ಬಂದವರನ್ನೆಲ್ಲ ಕೇಳಿದೆ. ಎಪ್ಪತ್ನಾಲ್ಕು ಜನರಲ್ಲಿ ಅರವತ್ತೊಂದು ಜನ ನಡೆದು ಬಂದವರು. ಬಸ್ಸಿನಲ್ಲಿ ಒಂಬತ್ತು, ಸ್ಕೂಟರಿನಲ್ಲಿ ನಾಲ್ಕು. ಆದರೂ ಬೀದಿಯನ್ನು ಪೂರ್ತಿ ಮುಚ್ಚಬಾರದು. ಬಟ್ಟೆಯ ಹೊರೆ ತಾನಾಗಿ ನಡೆದು ಬರುವುದಿಲ್ಲ. ಬೆಳಿಗ್ಗೆ ಹತ್ತರವರೆಗೆ ಸಾಮಾನಿನ ಗಾಡಿ ಬಿಡಿ, ಆಮೇಲೆ ಜನ ನಡೆಯಲಿ.’

ಪ್ರಕಟಿಸುವ ಮೊದಲು ಬರೆದವರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಆ ಪುಟದ ನಿಯಮ. ಕೆಳಗಿದ್ದದ್ದು ಹೆಂಗಸಿನ ಹೆಸರು. ಅವನು ಫೋನ್ ಮಾಡಿದ. ಆ ಕಡೆ ಗಂಡಸಿನ ದನಿ ಕೇಳಿದಾಗ, ಮನೆಯವರಿರಬೇಕು ಎಂದುಕೊಂಡು ಹೊಡೆದು ಹಾಕಿದ ಸಾಲಿನ ವಿಷಯ ಹೇಳಿಬಿಟ್ಟ. ಆ ನಂಬರು ಬಟ್ಟೆ ಅಂಗಡಿಯದು. ಫೋನ್ ಎತ್ತಿದವರು ಅಂಗಡಿಯ ಮಾಲೀಕರು, ವರ್ತಕರ ಸಂಘದ ಕಾರ್ಯದರ್ಶಿ. ಪತ್ರ ಬರೆದಾಕೆ ಅವರ ಜಗಲಿಯ ಮೇಲೆ ಮೆಷಿನ್ ಇಟ್ಟುಕೊಂಡು ಹೊಲಿಯುವ ಟೈಲರಮ್ಮ.

ಅರ್ಧ ಗಂಟೆಯೊಳಗೆ ಇಬ್ಬರೂ ಕಚೇರಿಗೆ ಬಂದರು. ಆಕೆ ಮುಂದೆ, ಅವರು ಹಿಂದೆ. ಆಕೆಯ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಉಪಸಂಪಾದಕ ಪುಟದ ಪ್ರೂಫ್ ತೋರಿಸಿದ. ತಾನು ಕೊಟ್ಟ ತಲೆಬರಹ ಅವನಿಗೇ ಹಿಡಿಸಿತ್ತು: ‘ವರ್ತಕರ ಲೆಕ್ಕ ಸುಳ್ಳು: ಟೈಲರ್’. ಟೈಲರಮ್ಮ ಬೆರಳಿಟ್ಟು ಓದಿದಳು.

“ಇದು ನಂದಲ್ಲ ಸಾರ್.”

“ನಿಮ್ಮದೇ ಅಮ್ಮ. ಜಾಗ ಸಾಲಲಿಲ್ಲ, ಗಾಡಿ ವಿಷಯ ಬಿಟ್ಟು ಸ್ವಲ್ಪ ಇಳಿಸಿದೀನಿ.”

“ಪ್ಯಾಂಟಿಗೆ ಒಂದೇ ಕಾಲು ಹೊಲಿದು, ಬಟ್ಟೆ ಸಾಲಲಿಲ್ಲ ಸ್ವಲ್ಪ ಇಳಿಸಿದೀನಿ ಅಂದ್ರೆ, ನೀವು ಹಾಕ್ಕೊಂಡು ಹೋಗ್ತೀರಾ?”

ಕಾರ್ಯದರ್ಶಿ ನಕ್ಕರು. “ನೋಡಿ, ಆಕೆಗೇ ಬೇಡ. ವಾಪಸ್ ಕೊಟ್ಟುಬಿಡಿ.”

“ಬೇಡ ಅಂದಿಲ್ಲ ಸಾಹುಕಾರ್ರೇ, ಪೂರ್ತಿ ಹಾಕಿ ಅಂತಿದೀನಿ. ನಿಮ್ಮ ಲೆಕ್ಕ ಸುಳ್ಳು ಅಂತಾನೂ ನಾನು ಬರೆದಿಲ್ಲ. ನನ್ನ ಹತ್ರ ಬಂದೋರನ್ನ ನಾನು ಕೇಳಿದೆ. ನಿಮ್ಮ ಅಂಗಡಿಗೆ ಬಂದೋರನ್ನ ನೀವು ಕೇಳಿ.”

“ಅಲ್ಲಮ್ಮಾ, ನಾಳೆ ನಗರಸಭೆಯಲ್ಲಿ ಆಡಳಿತ ಪಕ್ಷದೋರು ಇದನ್ನೇ ಹಿಡ್ಕೊಂಡು ನಮ್ಮ ಮಾನ ಕಳೀತಾರೆ.”

“ಅವರೂ ಮೊನ್ನೆ ಬಂದಿದ್ರು. ಬೀದಿ ಮುಚ್ಚಲೇಬೇಕು ಅಂತ ಅಚ್ಚಾಗಿದ್ದ ಕಾಗದ ಕೊಟ್ರು. ಸಹಿಗೆ ಬಿಟ್ರೆ ಬೇರೆ ಏನಕ್ಕೂ ಜಾಗ ಇರಲಿಲ್ಲ. ಹಾಕಲಿಲ್ಲ. ನೀವು ಪಕ್ಕದಲ್ಲಿ ಅಂಚು ಬಿಟ್ಟಿದ್ರಿ, ಬರೆದೆ.”

ಕಾರ್ಯದರ್ಶಿಯ ನಗು ಹೋಯಿತು. “ಮೆಷಿನ್ ಯಾರ ಜಗಲಿ ಮೇಲಿದೆ ಅನ್ನೋದು ನೆನಪಿರಲಿ.”

ಟೈಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಹದಿನಾಲ್ಕು ವರ್ಷದಿಂದ ನೆನಪಿದೆ. ಎತ್ತಿಸೋದಾದ್ರೆ ಬೆಳಿಗ್ಗೆನೇ ಹೇಳಿಬಿಡಿ. ಒಬ್ಬಳ ಕೈಲಿ ಆಗಲ್ಲ, ಆ ಕಡೆ ನೀವೇ ಹಿಡೀಬೇಕು.”

ಕಾರ್ಯದರ್ಶಿ ಮೇಜಿನ ಮೇಲಿದ್ದ ಮೂಲ ಪತ್ರವನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಫೋನಿನಲ್ಲಿ ಅವರು ಕೇಳಿದ್ದು ಹೊಡೆದು ಹಾಕಿದ ಸಾಲಿನ ಸುದ್ದಿಯಷ್ಟೇ. ಸಾಮಾನಿನ ಗಾಡಿಯ ಮಾತು ಬಂದಲ್ಲಿ ಕಣ್ಣು ನಿಂತಿತು.

“ಹತ್ತು ಗಂಟೆ ವಿಷಯ ನಮಗೆ ಯಾಕೆ ಹೇಳಲಿಲ್ಲ?”

“ನೀವು ಸಹಿ ಕೇಳಿದ್ರಿ.”

ಅವರು ಪತ್ರವನ್ನು ಮೇಜಿನ ಮೇಲಿಟ್ಟು ಹೊರಟರು. ಹಾಕಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಜಗಲಿಯ ಮಾತನ್ನೂ ಎತ್ತಲಿಲ್ಲ. ಉಪಸಂಪಾದಕ ದನಿ ತಗ್ಗಿಸಿದ. “ಬೇಕಾದ್ರೆ ಹೆಸರು ಬಿಟ್ಟು ‘ಓರ್ವ ಓದುಗರು’ ಅಂತ ಹಾಕಬಹುದಮ್ಮ. ಫೋನಿನಲ್ಲಿ ತಪ್ಪು ನಂದೇ ಆಯ್ತು.”

“ಯಾರು ಎಣಿಸಿದ್ದು ಅಂತ ಇಲ್ಲದಿದ್ರೆ ಎಣಿಕೆಯನ್ನ ಯಾರು ನಂಬ್ತಾರೆ ಸಾರ್? ಹಾಕಿ.” ಪ್ರೂಫಿನ ಮೇಲೆ ತನ್ನ ಹೆಸರನ್ನು ತಾನೇ ಬರೆದು ಕೊಟ್ಟಳು. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ. ಗಿರಾಕಿ ಕಾಯುತ್ತಿದ್ದಾರೆಂದು ಹೇಳಿ ಮೆಟ್ಟಿಲಿಳಿದಳು.

ಉಪಸಂಪಾದಕ ತಲೆಬರಹ ತೆಗೆದು ‘ಪೇಟೆ ಬೀದಿ: ನಾನು ಕಂಡಷ್ಟು’ ಎಂದು ಬದಲಿಸಿದ. ಪತ್ರವನ್ನು ಪೂರ್ತಿ ಕೂರಿಸಿದಾಗ ಒಂಬತ್ತು ಸಾಲು ಹೊರಗುಳಿಯಿತು. ಉಳಿದ ಪತ್ರಗಳಲ್ಲಿ ಒಂದೊಂದು ಸಾಲು ಕತ್ತರಿಸಿದರೆ ಮುಗಿಯುತ್ತಿತ್ತು. ಇವತ್ತು ಯಾಕೋ ಕೈ ಬರಲಿಲ್ಲ. ಪುಟವನ್ನು ಮೇಲಿನಿಂದ ಕೆಳಗೆ ನೋಡಿದ. ಬಲ ಮೂಲೆಯಲ್ಲಿ, ವರ್ಷಗಟ್ಟಲೆಯಿಂದ ದಿನವೂ ಪತ್ರಿಕೆಯೇ ಹಾಕಿಕೊಂಡು ಬಂದ ಚೌಕಟ್ಟೊಂದಿತ್ತು: ‘ಓದುಗರೇ, ನಿಮ್ಮ ದನಿಗೆ ಇಲ್ಲಿ ಸದಾ ಅವಕಾಶವಿದೆ.’ ಅದನ್ನು ತೆಗೆದ. ಒಂಬತ್ತೂ ಸಾಲು ಸರಿಯಾಗಿ ಕೂತವು.