ವಿದ್ವಾಂಸರ ಇಂಗ್ಲಿಷು

ಮಾರ್ಗದರ್ಶಕರು ಅವಳ ಪಿಎಚ್.ಡಿ. ಪ್ರಬಂಧವನ್ನು ಮೇಜಿನ ಮೇಲೆ ಎಸೆದರು.

"ಏನಮ್ಮಾ ಇದು, ಸಂತೆ ಇಂಗ್ಲಿಷು? 'ದಿಸ್ ಶೋಸ್' ಅಂತೆ! 'ಶೆಡ್ಸ್ ನ್ಯೂ ಲೈಟ್ ಆನ್' ಅನ್ನಬೇಕು. 'ಇಂಪಾರ್ಟೆಂಟ್' ಅಂದ್ರೆ ಯಾರು ಮೂಸಿ ನೋಡ್ತಾರೆ? 'ಪ್ಲೇಸ್ ಎ ವೈಟಲ್ ರೋಲ್' ಅಂತ ಬರಿ. ವಿದ್ವಾಂಸರು ಬರೆಯೋದೇ ಹೀಗೆ."

ಅವಳು ಪ್ರತಿ ವಾಕ್ಯವನ್ನೂ ಅವರು ಹೇಳಿಕೊಟ್ಟಂತೆಯೇ ತಿದ್ದಿದಳು. ಅವರು ತಲೆದೂಗಿ ಸಹಿ ಹಾಕಿದರು.

ಮುಂದಿನ ವಾರ ವಿಶ್ವವಿದ್ಯಾಲಯದ ಕಂಪ್ಯೂಟರು ಪ್ರಬಂಧವನ್ನು ಹಳೆಯ ಪ್ರಬಂಧಗಳ ಜೊತೆ ಹೋಲಿಸಿ ಕೃತಿಚೌರ್ಯವೆಂದು ತಿರಸ್ಕರಿಸಿತು.

"ನನ್ನ ಮಾನ ಕಳೆದುಬಿಟ್ಟೆಯಲ್ಲಮ್ಮಾ!" ಮಾರ್ಗದರ್ಶಕರು ಕೂಗಾಡಿದರು. "ಇಷ್ಟು ವರ್ಷದಲ್ಲಿ ನನ್ನ ಶಿಷ್ಯರು ಒಬ್ಬರೂ ಒಂದು ಸಾಲು ಕದ್ದವರಲ್ಲ. ನೀನು ಯಾರದ್ದನ್ನ ಕದ್ದೆ, ಹೇಳು!"

"ಕಂಪ್ಯೂಟರು ನಿಮ್ಮ ಆ ಶಿಷ್ಯರದ್ದೇ ಅಂತ ತೋರಿಸ್ತಿದೆ ಸರ್. ಅಷ್ಟೂ ಜನರದ್ದು."