ಮನೆಯವರ ಹೇಳಿಕೆ

ಇನ್ಶೂರೆನ್ಸ್ ಕಂಪನಿಯಿಂದ ಬಂದ ಅಧಿಕಾರಿ ಕಾಫಿ ಕುಡಿದು ಲೋಟ ಕೆಳಗಿಟ್ಟು, ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಪ್ರಶ್ನೆಯನ್ನು ಸೊಸೆಯನ್ನು ಬಿಟ್ಟು ಅತ್ತೆಗೇ ಕೇಳಿದ.

"ನಿಮ್ಮ ಸೊಸೆಗೆ ಈ ತೂಕದಿಂದ ದಿನದ ಕೆಲಸಕ್ಕೆ ತೊಂದರೆ ಆಗ್ತಿದೆಯಾ ಅಮ್ಮ?"

ಸೊಸೆಗೆ ಒಳಗೊಳಗೇ ನೆಮ್ಮದಿಯಾಯಿತು. ಬೊಜ್ಜಿನ ಆಪರೇಷನ್ ಮಾಡಿಸದಿದ್ದರೆ ಹೃದಯ ಬಹಳ ಕಾಲ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅರ್ಜಿ ಹಾಕಿದರೆ ಕಂಪನಿಯವರು ಇದು ಅಂದಕ್ಕಾಗಿ ಮಾಡಿಸಿಕೊಳ್ಳುವಂಥದ್ದು ಎಂದು ಒಮ್ಮೆ ತಳ್ಳಿಹಾಕಿದ್ದರು. ಸಕ್ಕರೆ, ಬಿಪಿ, ಮಂಡಿ, ನಿದ್ದೆಯ ಪರೀಕ್ಷೆ ಎಲ್ಲದರ ವರದಿ ಸೇರಿಸಿ ಮತ್ತೆ ಕಳಿಸಿದ ಮೇಲೆ, ಮನೆಗೇ ಬಂದು ಮನೆಯವರ ಹೇಳಿಕೆ ತೆಗೆದುಕೊಳ್ಳುತ್ತೇವೆ ಅಂದರು. ತೆಗೆದುಕೊಳ್ಳಲಿ. ಅತ್ತೆಗೆ ಅವಳು ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಕಂಡಿರಲಿಲ್ಲ. ಮದುವೆಯಾದಾಗಿನಿಂದ ಬೆಳಗಾದರೆ ಅತ್ತೆ ಹಾಡುವ ಹಾಡು ಒಂದೇ: ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಏಳಲಾರಳು, ಎದ್ದರೆ ಕೂರಲಾರಳು, ಬಿದ್ದ ಚಮಚ ಎತ್ತಲಾರಳು. ಆ ಹಾಡನ್ನು ಈ ಮನುಷ್ಯನ ಮುಂದೆ ಒಂದು ಸಲ ಹಾಡಿಬಿಟ್ಟರೆ ಅರ್ಧ ಆಪರೇಷನ್ ಆದ ಹಾಗೆಯೇ.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ತೊಂದರೆ ಎಂಥದ್ದು? ನನ್ನ ಸೊಸೆಯಂಥ ಸೊಸೆ ಹುಡುಕಿದ್ರೂ ಸಿಗಲ್ಲ. ಎಲ್ರಿಗಿಂತ ಮುಂಚೆ ಏಳ್ತಾಳೆ. ಅಡುಗೆ ಮುಗಿಸಿ, ಶಿಶುವಿಹಾರಕ್ಕೆ ಹೋಗಿ, ಅಷ್ಟೂ ಪಿಳ್ಳೆಗಳನ್ನ ಸಂಭಾಳಿಸಿ, ಬಂದು ಮತ್ತೆ ಮನೆ ನೋಡ್ಕೋತಾಳೆ. ಒಂದು ದಿನ ಉಸ್ಸಪ್ಪಾ ಅಂದವಳಲ್ಲ."

"ಮೆಟ್ಟಿಲು ಹತ್ತೋದು?"

"ಜಿಂಕೆ ಹಾಗೆ ಹತ್ತುತಾಳೆ. ಸ್ವಲ್ಪ ಮೈಕೈ ತುಂಬ್ಕೊಂಡಿದಾಳೆ, ಅಷ್ಟೆ. ಉಂಡು ತಿಂದು ನೆಮ್ಮದಿಯಾಗಿರೋ ಮನೆ ಇದು."

ಸೊಸೆ ಪೆಚ್ಚಾದಳು. ಶಿಶುವಿಹಾರದಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂತರೆ ಏಳುವುದಕ್ಕೆ ಅವಳಿಗೆ ಆಯಾಳ ಕೈ ಬೇಕಾಗುತ್ತಿತ್ತು, ಜಿಂಕೆ ಅಂತೆ. ಹೊರಗಿನವರ ಮುಂದೆ ಮನೆಯ ಮಾನ ಬಿಟ್ಟುಕೊಡುವ ಹೆಂಗಸಲ್ಲ ಅತ್ತೆ. ಒಳಗೆ ಏನೇ ಅನ್ನಲಿ, ಹೊಸ್ತಿಲು ದಾಟಿ ಬಂದವರೆದುರು ಈ ಮನೆಯ ಮುರುಕು ಕುರ್ಚಿಯೂ ಸಿಂಹಾಸನವೇ. ಇದು ಸೊಸೆಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಆ ಬಾಯಿಂದ ತನ್ನ ಹೊಗಳಿಕೆ ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಂದದ್ದೂ ಬಂತು, ಬರಬಾರದ ಹೊತ್ತಿಗೆ ಬಂತು. ಅತ್ತೆ ಹೇಳಿದ್ದು ಸರಿಯಲ್ಲ ಅನ್ನಬೇಕು, ನಾಲಿಗೆ ಏಳಲಿಲ್ಲ. ನಿಜ ಹೇಳಬೇಕೆಂದರೆ, ಇನ್ನೆರಡು ಮಾತು ಹೇಳಿದರೂ ಬೇಡ ಅನ್ನುತ್ತಿರಲಿಲ್ಲ ಅವಳು.

ಅಧಿಕಾರಿ ಅಷ್ಟನ್ನೂ ಟೈಪ್ ಮಾಡಿಕೊಂಡ.

"ಅಂದ್ರೆ ತೊಂದರೆ ಏನೂ ಇಲ್ಲ. ಹಾಗಾದ್ರೆ ಇದು ಚೆನ್ನಾಗಿ ಕಾಣೋಕೆ ಮಾಡಿಸ್ಕೊಳ್ಳೋದು ಅಂತಲೇ ಆಯ್ತು. ಅದಕ್ಕೆ ಕಂಪನಿ ಕೊಡಲ್ಲಮ್ಮ. ಇಲ್ಲೊಂದು ಸಹಿ ಮಾಡಿ."

"ಕೊಡಲ್ವಾ? ಯಾಕೆ?"

"ನೀವೇ ಹೇಳಿದ್ರಲ್ಲ, ಆರಾಮಾಗಿದಾರೆ ಅಂತ."

ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ನೆಲ ನೋಡುತ್ತಿದ್ದಳು. ಕಂಪನಿ ಇಲ್ಲವೆಂದರೆ ಆಪರೇಷನ್ ಈ ಜನ್ಮಕ್ಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಧಿಕಾರಿ ಚಾಚಿದ ಟ್ಯಾಬನ್ನು ಅತ್ತೆ ಮುಟ್ಟಲಿಲ್ಲ.

"ಅದು ಬಂದವರ ಮುಂದೆ ಆಡೋ ಮಾತಪ್ಪ. ಮನೆ ಮಾತು ಬೇರೆ ಇದೆ, ಅದನ್ನ ಬರ್ಕೊಳ್ಳಪ್ಪ." ಅವರ ದನಿ ತಗ್ಗಿತ್ತು. "ಗೋಡೆ ಆಚೆಯಿಂದ ಇವಳ ಗೊರಕೆ ಕೇಳ್ತಿರುತ್ತೆ. ಕೇಳ್ತಿದ್ರೇ ನನಗೆ ನಿದ್ದೆ. ನಡುವೆ ತಟ್ಟನೆ ನಿಂತುಹೋಗುತ್ತೆ. ಗೊರಕೆ ಅಲ್ಲ, ಉಸಿರೇ. ನನ್ನ ಮಗ ಮಲಗಿದ್ರೆ ಕೊರಡು, ಅವನಿಗೇನು ಗೊತ್ತಾಗುತ್ತೆ. ನಾನು ಎದ್ದು ಕೂತು, ಬಾ ತಾಯಿ, ಬಾ ಅಂತ ಕಾಯ್ತೀನಿ. ಉಸಿರು ವಾಪಸ್ ಬಂದ್ಮೇಲೇ ನಾನು ತಲೆ ದಿಂಬಿಗೆ ಕೊಡೋದು. ಬೆಳಿಗ್ಗೆ ಎದ್ರೆ ಆ ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬರುತ್ತೆ. ಬಗ್ಗಿ ಒಂದು ಚಮಚ ಎತ್ತೋಕಾಗಲ್ಲ ಇವಳಿಗೆ. ಅದನ್ನೂ ಬರ್ಕೊ."

ಸೊಸೆ ತಲೆಯೆತ್ತಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇದು ಅವಳಿಗೆ ಗೊತ್ತಿರಲಿಲ್ಲ. ಅತ್ತೆಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು; ಅಭ್ಯಾಸವಿಲ್ಲದ್ದರಿಂದ ಸುಮ್ಮನೆ ನಿಂತಳು.

ಅಧಿಕಾರಿ ಸ್ವಲ್ಪ ಹೊತ್ತು ಟೈಪ್ ಮಾಡಿದ. "ನಿದ್ದೆ ಪರೀಕ್ಷೆ ವರದಿಗೂ ಇದಕ್ಕೂ ತಾಳೆ ಆಗುತ್ತೆ. ಹೀಗೆ ಬರೆದ್ರೆ ಮಂಜೂರಾಗೋಕೆ ದಾರಿ ಇದೆ. ಆದ್ರೆ ಒಬ್ಬರಿಂದ ಒಂದೇ ಹೇಳಿಕೆ ತಗೊಳ್ಳೋಕೆ ಬರೋದು. ಮೊದಲು ಹೇಳಿದ್ದನ್ನ ಅಳಿಸಬೇಕಾಗುತ್ತೆ."

"ಅಳಿಸಪ್ಪ, ಅದೇನು ಮಹಾ," ಅಂದರು ಅತ್ತೆ.

ಅವನ ಬೆರಳು ಪರದೆಯ ಕಡೆ ಹೋಯಿತು.

"ಒಂದು ನಿಮಿಷ," ಅಂದಳು ಸೊಸೆ. "ಅಳಿಸೋಕೆ ಮುಂಚೆ ಅದನ್ನ ಒಂದ್ಸಲ ಓದ್ತೀರಾ? ಸ್ವಲ್ಪ ಜೋರಾಗಿ."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿದ. ಲೋಟ ತೊಳೀಬೇಕು ಎನ್ನುತ್ತ ಅತ್ತೆ ಅವನ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಅವನು ಓದತೊಡಗಿದ: ನನ್ನ ಸೊಸೆಯಂಥ ಸೊಸೆ ಹುಡುಕಿದರೂ ಸಿಗುವುದಿಲ್ಲ. ಓದಿ ಮುಗಿಯುವವರೆಗೂ ಅಡುಗೆಮನೆಯಿಂದ ನಲ್ಲಿ ತಿರುಗಿಸಿದ ಸದ್ದು ಬರಲಿಲ್ಲ.