ಅಂದಾನೆಪ್ಪನವರ ಅಂತಃಸಾಕ್ಷಿ

ಕಟಕಟೆ ಹತ್ತುವ ಮೊದಲು ಅಂದಾನೆಪ್ಪನವರು ಚಪ್ಪಲಿ ಕಳಚಿದರು. ಕೋರ್ಟಿನ ಮೇಲಿನ ಗೌರವದಿಂದಲ್ಲ. ಹಳಿಯಾಳದ ಕೋರ್ಟಿಗೆ ಧರ್ಮ ತಿಳಿಸಲು ಶಿವ ತಮ್ಮನ್ನೇ ಕಳಿಸಿದ್ದಾನೆಂದು ಅವರ ನಂಬಿಕೆ. ಶಿವನ ಕೆಲಸಕ್ಕೆ ಚಪ್ಪಲಿ ಸಲ್ಲದು. ಯುದ್ಧದಿಂದಾಗಿ ಸೀಮೆಎಣ್ಣೆಗೂ ರೇಷನ್ ಬಂದಿದ್ದ ವರ್ಷವದು. ಧರ್ಮಕ್ಕೆ ಮಾತ್ರ ಅಭಾವವಿರಲಿಲ್ಲ.

ದಾವೆ ಸರಳವಾಗಿತ್ತು. ಶಂಕ್ರವ್ವನನ್ನು ಗಂಡ ಈಶಪ್ಪ ಹೊಡೆದು ಹೊರಹಾಕಿದ್ದ. ಪಂಚರ ಮುಂದೆ ಸೋಡಚೀಟಿ ಕೊಟ್ಟು ಸಂಬಂಧ ಹರಿದುಕೊಂಡಿದ್ದ. ಆಮೇಲೆ ಅವಳು ಶಿವಲಿಂಗಪ್ಪನೊಡನೆ ಉಡಿಕಿಯಾದಳು. ಉಡಿಕಿಯೆಂದರೆ ಹೊಸ ಸೀರೆ ಉಡಿಸಿ, ವಾದ್ಯವಿಲ್ಲದೆ ಮುಗಿಸುವ ಎರಡನೆಯ ಮದುವೆ. ಅವಳು ನಗುನಗುತ್ತ ಇದ್ದಾಳೆಂದು ತಿಳಿದದ್ದೇ ಈಶಪ್ಪನಿಗೆ ಹೆಂಡತಿಯ ನೆನಪಾಯಿತು. ನಮ್ಮ ಜನರಲ್ಲಿ ಉಡಿಕಿಯ ಪದ್ಧತಿಯೇ ಇಲ್ಲ, ಅವಳನ್ನು ನನ್ನ ಮನೆಗೆ ಕಳಿಸಿರೆಂದು ದಾವೆ ಹೂಡಿದ. ಅದಕ್ಕೆ ಸಾಕ್ಷಿ ಹೇಳಲು ಜನದ ಹಿರಿಯರಾದ ಅಂದಾನೆಪ್ಪನವರನ್ನು ಕರೆಸಿದ್ದ.

ಪದ್ಧತಿ ಇದ್ದರೆ ಅಂಥ ಮದುವೆ ಸಲ್ಲುತ್ತದೆಂದು ದೊಡ್ಡ ಕೋರ್ಟುಗಳು ಹೇಳಿದ್ದವು. ಆ ತೀರ್ಪುಗಳ ಮಾತೆತ್ತಿದರೆ ಅಂದಾನೆಪ್ಪನವರಿಗೆ ಎದೆಯುರಿ.

"ಶಿವ ಹಾಕಿದ ಗಂಟು ಕರೀ ಕೋಟಿನವರು ಬಿಚ್ಚತಾರಂತ! ನಾಳೆ ಸೂರ್ಯಾಗೂ ಸಮನ್ಸ್ ಕಳಸ್ತಾರ," ಎಂದು ಬೆಳಿಗ್ಗೆ ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳಿದ್ದರು.

ಜೊತೆಗೆ ಬಂದಿದ್ದ ಹೆಂಡತಿ ಮುದಕವ್ವ ಕೇಳುತ್ತ ಕೂತಿದ್ದಳು. ನಿತ್ಯವೂ ಹಾಗೆಯೇ: ವಚನ ಹೇಳುವವರು ಅವರು, ಕೇಳುವವಳು ಅವಳು. ಒಮ್ಮೆ ಮಾತ್ರ ಬಾಯಿ ತೆರೆದಳು.

"ತಿರುಗಿ ಹೋದ್ರ ಆಂವ ಶಂಕ್ರವ್ವನ್ನ ಜೀವಸಹಿತ ಬಿಡಾಂಗಿಲ್ಲರೀ."

"ಅದು ಆಕಿ ಕರ್ಮ. ನನಗ ಅಂತಃಸಾಕ್ಷಿ ಅನ್ನೂದು ಐತಿ."

"ಖರೇ ಏನ್ರಿ? ಇಷ್ಟು ವರ್ಷ ಒಂದ ಮನ್ಯಾಗ ಇದ್ದೂ ನನಗ ಕಾಣಲೇ ಇಲ್ಲ ನೋಡ್ರಿ."

ಅಂತಃಸಾಕ್ಷಿ ಇದ್ದದ್ದು ನಿಜ. ಅದು ಅವರಿಗಿಂತ ಮೊದಲೇ ಎದ್ದು ವಿಭೂತಿ ಹಚ್ಚಿಕೊಂಡಿರುತ್ತಿತ್ತು. ಉಡಿಕಿಯಾದವರ ಮನೆಯಲ್ಲಿ ಅವರು ನೀರು ಸಹ ಮುಟ್ಟರು. ಭತ್ತದ ವ್ಯಾಪಾರಕ್ಕೆ ಮುಂಡಗೋಡ ಸೀಮೆಯೆಲ್ಲ ಸುತ್ತಿದರೂ ಅತ್ತಿವೇರಿಗೆ ಕಾಲಿಡರು. ಅಲ್ಲಿಯ ಜನ ನೆಟ್ಟಗಿಲ್ಲವಂತೆ. ಮುದಕವ್ವನೂ ಕಡಿಮೆಯಲ್ಲ. ಮದುವೆಮನೆಯಲ್ಲಿ ಆರತಿಗೆ ಕರೆದರೆ ಅಡುಗೆಮನೆ ಬಿಟ್ಟು ಬಾರಳು. ಊರು ಅದನ್ನು ವಿನಯವೆಂದಿತು. ಅಂದಾನೆಪ್ಪನವರು ತಾವು ಕಲಿಸಿದ ನಡತೆಯೆಂದರು.

ಶಂಕ್ರವ್ವನ ವಕೀಲ ಎದ್ದ.

"ನಿಮ್ಮ ಜನದಾಗ ಸೋಡಚೀಟಿ, ಉಡಿಕಿ ನಡೀತಾವೇನ್ರಿ?"

"ಇಲ್ಲ."

"ಒಂದೂ ಕೇಳಿಲ್ಲ?"

"ಕೇಳಿಲ್ಲ. ಕಂಡೂ ಇಲ್ಲ."

"ಹಂಗಾದ್ರ ಉಡಿಕಿಯಾದಾಕಿ ಯಾರ ಹೆಂಡ್ತಿ?"

"ಮೊದಲನೇ ಗಂಡ ಜೀವಂತ ಇರೂತನಕ ಅವನ ಹೆಂಡ್ತಿ. ಎರಡನೇದವನ ಮನ್ಯಾಗ ಇರೂದು ಸಂಸಾರ ಅಲ್ರಿ, ಹಾದರ."

ಮುನಸೀಫ ಸಾಹೇಬರು ಒಂದಕ್ಷರವೂ ಬಿಡದೆ ಬರೆದುಕೊಂಡರು. ಇದೇ ಕೊನೆಯ ಸಾಕ್ಷಿ, ಊಟದ ನಂತರ ತೀರ್ಪು ಎಂದು ಎದ್ದುಹೋದರು.

ಹೊರಗೆ ಬಂದ ಶಂಕ್ರವ್ವ ಕಂಬಕ್ಕೊರಗಿ ಕೂತಳು. ಈಶಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ತಯಾರಾಗು. ಇವತ್ತ ಮನೀಗೆ ಹೋಗೂಣು. ಬಾಕಿ ಮಾತು ಅಲ್ಲೇ."

ಅಂದಾನೆಪ್ಪನವರು ಹೂವಿನಷ್ಟು ಹಗುರಾಗಿ ಹೊರಬಂದರು. ಬಾಗಿಲಲ್ಲಿ ನಿಂತು ಸಾಕ್ಷಿಯೆಲ್ಲ ಕೇಳಿದ್ದ ಹೆಂಡತಿ ಈಗ ಶಂಕ್ರವ್ವನ ಕೈ ಹಿಡಿದು ನೆಲದ ಮೇಲೆ ಕೂತಿದ್ದಳು.

"ಏಳು, ಮನೀಗೆ ಹೋಗೂಣು."

"ಯಾರ ಮನೀಗ್ರಿ?"

"ಯಾರ ಮನೀಗಂದ್ರ? ಬಿಸಿಲಿಗೆ ತಲಿ ತಿರುಗೇತೇನು?"

ಮುದಕವ್ವ ಎದ್ದು ಸೆರಗು ಸರಿಪಡಿಸಿಕೊಂಡಳು. ದನಿ ಏರಿಸಲಿಲ್ಲ.

"ಸಾಹೇಬ್ರು ಉಂಡು ಬಂದು ತಿರುಗಿ ಕೂಡ್ತಾರ. ಒಳಗ ಹೋಗಿ ಮಾತು ತಿದ್ದತೀರೋ, ಇಲ್ಲಾ ನನ್ನ ಮುಂಡಗೋಡದ ಮೋಟಾರು ಹತ್ತಸ್ತೀರೋ? ಅತ್ತಿವೇರಿಯೊಳಗ ನನ್ನ ಮೊದಲನೇ ಗಂಡ ಶೇಖಪ್ಪ ಇನ್ನೂ ಗಟ್ಟಿಮುಟ್ಟ ಅದಾನ."